ಬಿದ್ದವರು ಒಬ್ಬರು, ಹಿಡಿದವರು ಇನ್ನೊಬ್ಬರು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಾಕ್ ಬಗ್ಗೆಯೇ ಇವೆ. ಲಾಕ್ ಅಂದರೆ ಒಬ್ಬರು ಬಳಸುತ್ತಿರುವ ಡೇಟಾವನ್ನು ಇನ್ನೊಬ್ಬರು ಕೆಡಿಸದಂತೆ ಹಾಕುವ ಬೀಗ. ಮಳೆ ಶುರುವಾದರೆ ಮನೆಮಂದಿಗೆಲ್ಲ ನೆಗಡಿ, ತಿಂಗಳ ಕೊನೆ ಬಂದರೆ ಮೇನ್‌ಫ್ರೇಮ್ (ಬ್ಯಾಂಕುಗಳಂಥ ಕಡೆಯ ದೊಡ್ಡ ಕಂಪ್ಯೂಟರ್) ಹುಡುಗರಿಗೆಲ್ಲ ಮೈನಸ್ 911, ಅಂದರೆ ಲಾಕ್ ಸಿಗದೆ ಪ್ರೋಗ್ರಾಂ ಬೀಳುವ ಎರರ್ ಕೋಡ್. ಹೊಸ ಓದುಗರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮುಂಬೈ, ಪುಣೆ, ಬೆಂಗಳೂರು ಅಂತ 26 ವರ್ಷ ಡಿಬಿ2 ಎಂಬ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಮಾಡಿದವಳು. ಈಗ ಧಾರವಾಡದ ಮಾಳಮಡ್ಡಿಯಲ್ಲಿ ಅವ್ವನ ಜೊತೆ ಇದ್ದೇನೆ. ವಾರಕ್ಕೆ ಮೂರು ದಿನ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಪಾಠ ಹೇಳುತ್ತೇನೆ. ಇಲ್ಲಿ ಉತ್ತರಿಸೋದು ಐಬಿಎಂ ಮೇನ್‌ಫ್ರೇಮಿನ ಡಿಬಿ2 ಬಗ್ಗೆ ಮಾತ್ರ. ಒರಾಕಲ್ ಬಗ್ಗೆ ಬರೆದ ಮೂವರು ಬೇಜಾರು ಮಾಡ್ಕೋಬಾರದು.

ಪ್ರಶ್ನೆ: ಅಕ್ಕಾ, ನಮ್ಮದು ಬಡ್ಡಿ ಹಾಕುವ ಬ್ಯಾಚ್ ಜಾಬ್. ಸುಮಾರು ನಾಲ್ಕು ಲಕ್ಷ ಖಾತೆಗಳನ್ನು ಅಪ್‌ಡೇಟ್ ಮಾಡುತ್ತದೆ. ನಮ್ಮ ಸಂಜೆ ಆರಕ್ಕೆ ಅಮೆರಿಕದ ಶಾಖೆಗಳು ತೆರೆಯುತ್ತವೆ. ಆಗ ಜಾಬ್ ಇನ್ನೂ ಓಡುತ್ತಿದ್ದರೆ ಆನ್‌ಲೈನ್ ಪ್ರೋಗ್ರಾಂಗಳು ಸಾಲಾಗಿ ಮೈನಸ್ 911 ಕೊಟ್ಟು ಬೀಳುತ್ತವೆ. ನಮ್ಮ ಜಾಬ್ ಮಾತ್ರ ಒಂದು ದಿನವೂ ಬಿದ್ದಿಲ್ಲ, ಸೊನ್ನೆ ರಿಟರ್ನ್ ಕೋಡ್‌ನಲ್ಲಿ, ಅಂದರೆ ತಪ್ಪಿಲ್ಲದೆ, ಮುಗಿಯುತ್ತದೆ. ಹಾಗಾಗಿ ತಪ್ಪು ಆನ್‌ಲೈನ್ ತಂಡದ್ದು ಅಂತ ನಮ್ಮ ವಾದ. ಸರಿನಾ?
– ರಾಣೆಬೆನ್ನೂರಿನ ಓದುಗ, ಈಗ ಮನೆಯಿಂದಲೇ ಕೆಲಸ

ಉತ್ತರ: ತಮ್ಮಾ, ವಾದದಲ್ಲಿ ನೀನು ಗೆಲ್ಲಬಹುದು. ಆದರೆ ತಪ್ಪು ನಿಮ್ಮ ಜಾಬಿನದೇ.

ನಮ್ಮಪ್ಪ ರೈಲ್ವೆಯಲ್ಲಿದ್ದರು. ನಾನು ಚಿಕ್ಕವಳಿದ್ದಾಗ ಹುಬ್ಬಳ್ಳಿಯಿಂದ ಗದಗಿಗೆ ಒಂಟಿ ಹಳಿ. ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಡ್ರೈವರ್ ಕೈಗೆ ದೊಡ್ಡ ಬಳೆಯಂಥ ರಿಂಗಿನಲ್ಲಿ ಟೋಕನ್ ಸಿಕ್ಕಿಸಿ ಕೊಡುತ್ತಿದ್ದರು. ಟೋಕನ್ ಕೈಯಲ್ಲಿದ್ದರೆ ಮಾತ್ರ ಮುಂದಿನ ಸ್ಟೇಷನ್ ತನಕ ಹಳಿ ನಿಮ್ಮದು. ಈಗ ಒಂದು ಗೂಡ್ಸ್ ಗಾಡಿ ಟೋಕನ್ ತಗೊಂಡು ನಡುದಾರಿಯಲ್ಲಿ ನಿಂತರೆ ಏನಾಗುತ್ತದೆ? ಆ ಗೂಡ್ಸ್ ಮೇಲೆ ಒಂದು ಅರ್ಜಿಯೂ ಬರೋದಿಲ್ಲ. ಪ್ಯಾಸೆಂಜರ್ ಗಾಡಿಯ ಜನ ಸ್ಟೇಷನ್ ಮಾಸ್ತರರ ಮೇಲೆ ಕೂಗಾಡುತ್ತಾರೆ. ನಿಮ್ಮ ಜಾಬ್ ಆ ಗೂಡ್ಸ್ ಗಾಡಿ.

ಮೊದಲು ರೀಸನ್ ಕೋಡ್ ನೋಡು. ಮೈನಸ್ 911 ಒಂದೇ, ಆದರೆ ಕಾರಣ ಎರಡು. ಕೊನೆಯಲ್ಲಿ 0088 ಇದ್ದರೆ ಡೆಡ್‌ಲಾಕ್, ಅಂದರೆ ಇಬ್ಬರು ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಬಿದ್ದದ್ದು. 008ಇ ಇದ್ದರೆ ಟೈಮ್‌ಔಟ್, ಅಂದರೆ ಕಾದು ಕಾದು ಸುಸ್ತಾದದ್ದು. ನೀನು ಬರೆದಿದ್ದು ನೋಡಿದರೆ ಇದು ಎರಡನೆಯದು. ಡಿಬಿ2ನ ಲಾಕ್‌ಗಳನ್ನು ಹಿಡಿದಿಡುವುದು ಐಆರ್‌ಎಲ್‌ಎಂ ಎಂಬ ಬೇರೆ ಭಾಗ. ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದನ್ನು ನಿಮ್ಮ ಸಿಸ್ಟಂ ಪ್ರೋಗ್ರಾಮರ್ ಒಂದು ಪ್ಯಾರಾಮೀಟರಿನಲ್ಲಿ ಇಟ್ಟಿರುತ್ತಾರೆ. ಹಲವು ಕಡೆ 30, ಕೆಲವು ಕಡೆ 60. ಅಷ್ಟರೊಳಗೆ ಲಾಕ್ ಸಿಗದಿದ್ದರೆ ಕಾಯುತ್ತಿದ್ದವನನ್ನು ಹೊರಗೆ ಹಾಕುತ್ತದೆ. ಹಿಡಿದುಕೊಂಡವನನ್ನು ಏನೂ ಕೇಳೋದಿಲ್ಲ.

ಯಾರು ಹಿಡಿದಿದ್ದರು ಅಂತ ಗೊತ್ತಾಗೋದು ಎಲ್ಲಿ? ಡಿಬಿ2ನ ಮಾಸ್ಟರ್ ಅಡ್ರೆಸ್ ಸ್ಪೇಸಿನ ಲಾಗಿನಲ್ಲಿ. ಟೈಮ್‌ಔಟ್ ಆದರೆ ಡಿಎಸ್‌ಎನ್‌ಟಿ376ಐ, ಡೆಡ್‌ಲಾಕ್ ಆದರೆ ಡಿಎಸ್‌ಎನ್‌ಟಿ375ಐ. ಬಿದ್ದವರ ಪ್ಲಾನ್ (ಡಿಬಿ2ನಲ್ಲಿ ಪ್ರೋಗ್ರಾಮಿನ ಗುರುತು) ಹೆಸರು, ಹಿಡಿದವರ ಪ್ಲಾನ್ ಹೆಸರು ಎರಡೂ ಒಂದೇ ಮೆಸೇಜಿನಲ್ಲಿ ಇರುತ್ತವೆ. ನನ್ನ 26 ವರ್ಷದಲ್ಲಿ ಎಷ್ಟೋ ಸಭೆಗಳು ಈ ನಾಲ್ಕು ಸಾಲು ಓದದೆ ತಾಸುಗಟ್ಟಲೆ ನಡೆದಿವೆ. ನಿನ್ನ ತಂಡದವರು ಇವತ್ತಿನ ಲಾಗ್ ತೆಗೆಸಿ ನೋಡಲಿ. ಆಮೇಲೆ ವಾದ.

ಅದೇ ಲಾಗಿನಲ್ಲಿ ಡಿಎಸ್‌ಎನ್‌ಐ031ಐ ಕೂಡ ಹುಡುಕು. ಅದು ಲಾಕ್ ಎಸ್ಕಲೇಷನ್ನಿನ ಮೆಸೇಜು. ನಿಮ್ಮ ಜಾಬ್ ಕಮಿಟ್ (ಬದಲಾವಣೆಯನ್ನು ಕಾಯಂ ಮಾಡಿ ಲಾಕ್ ಬಿಡುವುದು) ಮಾಡದೆ ಪೇಜ್ (ಟೇಬಲ್ಲಿನ ಸಾಲುಗಳ ಒಂದು ಕಟ್ಟು) ಮೇಲೆ ಪೇಜ್ ಹಿಡಿಯುತ್ತಾ ಹೋಗುತ್ತದೆ. ಒಂದು ಮಿತಿ ದಾಟಿದ ಮೇಲೆ ಡಿಬಿ2 ಬೇಸತ್ತು ಸಣ್ಣ ಲಾಕ್‌ಗಳನ್ನೆಲ್ಲ ಬಿಟ್ಟು ಇಡೀ ಟೇಬಲ್ಲಿಗೆ ಒಂದೇ ದೊಡ್ಡ ಲಾಕ್ ಹಾಕಿಬಿಡುತ್ತದೆ. ಆನ್‌ಲೈನ್ ಪ್ರೋಗ್ರಾಂಗಳು 'ಸಾಲಾಗಿ' ಬೀಳುತ್ತವೆ ಅಂದೆಯಲ್ಲ, ಆ ಒಂದು ಶಬ್ದದಿಂದಲೇ ನನಗೆ ಎಸ್ಕಲೇಷನ್ ವಾಸನೆ ಬಂತು. ಒಂದೆರಡು ಪೇಜ್ ಜಗಳ ಆಗಿದ್ದರೆ ಅಲ್ಲೊಂದು ಇಲ್ಲೊಂದು ಬೀಳುತ್ತಿದ್ದವು.

ಕೆಲವರು ಲಾಕ್‌ಮ್ಯಾಕ್ಸ್ ಎಂಬ ಆ ಮಿತಿಯನ್ನು ಸೊನ್ನೆ ಇಟ್ಟು ಎಸ್ಕಲೇಷನ್ ನಿಲ್ಲಿಸಿಬಿಡಿ ಅನ್ನುತ್ತಾರೆ. ಬೇಡ. ಆಗ ಒಬ್ಬ ಬಳಕೆದಾರ ಒಟ್ಟು ಇಷ್ಟೇ ಲಾಕ್ ಹಿಡಿಯಬಹುದು ಅನ್ನುವ ಇನ್ನೊಂದು ಮಿತಿಗೆ ಹೋಗಿ ಗುದ್ದುತ್ತೀರಿ, ಜಾಬ್ ಮೈನಸ್ 904 ಕೊಟ್ಟು ಬೀಳುತ್ತದೆ. ಅದುವರೆಗಿನ ಅಪ್‌ಡೇಟ್ ಎಲ್ಲ ರೋಲ್‌ಬ್ಯಾಕ್, ಅಂದರೆ ಮೊದಲಿದ್ದಂತೆ ವಾಪಸ್. ರೋಲ್‌ಬ್ಯಾಕ್ ಮುಗಿಯುವ ತನಕ ಶಾಖೆಯವರು ಕಾಯಬೇಕು.

ಔಷಧ ಒಂದೇ, ಕಮಿಟ್. ಆದರೆ ಅದನ್ನು ಹಾಕುವುದರಲ್ಲಿ ಕೆಲಸ ಇದೆ. ಎಷ್ಟು ಸಾಲಿಗೊಮ್ಮೆ ಕಮಿಟ್ ಅನ್ನುವ ಸಂಖ್ಯೆಯನ್ನು ಕೋಬಾಲ್ ಪ್ರೋಗ್ರಾಮಿನೊಳಗೆ ಕೆತ್ತಿ ಇಡಬೇಡಿ. ಒಂದು ಕಂಟ್ರೋಲ್ ಕಾರ್ಡಿನಿಂದ, ಅಂದರೆ ಹೊರಗಿನ ಸೆಟ್ಟಿಂಗ್ ಸಾಲಿನಿಂದ, ಓದಿ. ನಾನಾದರೆ ಸಾಲಿನ ಲೆಕ್ಕದ ಜೊತೆ ಗಡಿಯಾರವನ್ನೂ ನೋಡುತ್ತೇನೆ: 500 ಸಾಲು ಆಗಿರಲಿ, ಇಲ್ಲ ಐದು ಸೆಕೆಂಡ್ ಕಳೆದಿರಲಿ, ಯಾವುದು ಮೊದಲೋ ಆಗ ಕಮಿಟ್. ಪ್ರತಿ ಸಾಲಿಗೂ ಕಮಿಟ್ ಮಾಡುವ ಭಕ್ತರೂ ಇದ್ದಾರೆ. ಅವರ ಜಾಬ್ ಬೆಳಗಾದರೂ ಮುಗಿಯೋದಿಲ್ಲ.

ಕಮಿಟ್ ಮಾಡಿದರೆ ತೆರೆದ ಕರ್ಸರ್ (ಸಾಲುಗಳನ್ನು ಒಂದೊಂದಾಗಿ ತರುವ ಗುರುತು) ಮುಚ್ಚಿಹೋಗುತ್ತದೆ. ಅದಕ್ಕೆ ಕರ್ಸರಿಗೆ ವಿತ್ ಹೋಲ್ಡ್ ಹಾಕಬೇಕು. ಹಾಗೆ ಹಾಕಿದರೂ ಕಮಿಟ್ ಆದ ಮೇಲೆ ಮೊದಲು ಫೆಚ್ ಮಾಡಿ (ಮುಂದಿನ ಸಾಲು ತಂದು), ನಂತರವೇ ಅಪ್‌ಡೇಟ್. ರೋಲ್‌ಬ್ಯಾಕ್ ಆದರೆ ವಿತ್ ಹೋಲ್ಡ್ ಇದ್ದರೂ ಕರ್ಸರ್ ಹೋಯಿತು. ಇನ್ನು ರೀಸ್ಟಾರ್ಟ್. ನಡುವೆ ಕಮಿಟ್ ಮಾಡುವ ಜಾಬ್ ನಡುವೆ ಬಿದ್ದರೆ ಮೊದಲಿಂದ ಓಡಿಸುವ ಹಾಗಿಲ್ಲ, ಅರ್ಧ ಜನಕ್ಕೆ ಎರಡೆರಡು ಸಲ ಬಡ್ಡಿ ಹೋಗುತ್ತದೆ. ಖಾತೆ ನಂಬರಿನ ಕ್ರಮದಲ್ಲಿ ಓದಿ. ಕೊನೆಯ ನಂಬರನ್ನು ಒಂದು ಚೆಕ್‌ಪಾಯಿಂಟ್ ಟೇಬಲ್ಲಿನಲ್ಲಿ, ಅದೇ ಕಮಿಟ್ಟಿನೊಳಗೆ ಬರೆದಿಡಿ. ಮತ್ತೆ ಶುರುವಾದಾಗ ಅಲ್ಲಿಂದ ಮುಂದಕ್ಕೆ. ಜಾಬ್ ಏನಾದರೂ ಫೈಲಿಗೆ ಬರೆಯುತ್ತಿದ್ದರೆ ಎಚ್ಚರ: ಡಿಬಿ2 ರೋಲ್‌ಬ್ಯಾಕ್ ಮಾಡಿದರೂ ಸಾದಾ ಫೈಲಿನಲ್ಲಿ ಬರೆದ ಸಾಲು ಹಾಗೇ ಉಳಿಯುತ್ತದೆ.

ಇನ್ನೊಂದು, ಇದನ್ನು ಹೇಳದಿದ್ದರೆ ಮುಂದಿನ ತಿಂಗಳು ಮತ್ತೆ ಬರೀತೀಯ. ನಿಮ್ಮ ಪ್ಯಾಕೇಜ್ (ಪ್ರೋಗ್ರಾಮಿನ ಕ್ವೆರಿಗಳ ಓಡಲು ಸಿದ್ಧವಾದ ರೂಪ) ಬೈಂಡ್ ಮಾಡುವಾಗ, ಅಂದರೆ ತಯಾರಿಸುವಾಗ, ರಿಲೀಸ್ ಡೀಅಲೊಕೇಟ್ ಅಂತ ಕೊಟ್ಟಿದ್ದರೆ, ಎಸ್ಕಲೇಷನ್ ಆಗಿ ಬಂದ ಟೇಬಲ್ ಲಾಕ್ ಕಮಿಟ್ ಆದರೂ ಬಿಡೋದಿಲ್ಲ, ಜಾಬ್ ಮುಗಿಯುವ ತನಕ ಇರುತ್ತದೆ. ಕಮಿಟ್ ಹಾಕಿದ್ವಿ, ಏನೂ ಉಪಯೋಗ ಆಗಲಿಲ್ಲ ಅನ್ನುವವರು ಮೊದಲು ಇದನ್ನು ನೋಡಿ.

ಪ್ರಶ್ನೆ: ಮೇಡಂ, ನಮ್ಮಲ್ಲಿ ಟೈಮ್‌ಔಟ್ ಅಲ್ಲ, ನಿಜವಾದ ಡೆಡ್‌ಲಾಕ್. ಹಣ ವರ್ಗಾವಣೆಯ ಟ್ರಾನ್ಸಾಕ್ಷನ್. ಮೈನಸ್ 911 ಬಂದರೆ ಅದೇ ಅಪ್‌ಡೇಟ್ ಸ್ಟೇಟ್‌ಮೆಂಟನ್ನು ಮೂರು ಸಲ ಮತ್ತೆ ಓಡಿಸುವ ಲೂಪ್ ಹಾಕಿದ್ದೇವೆ. ಈಗ ಬೀಳೋದು ಕಡಿಮೆಯಾಗಿದೆ. ಆದರೆ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ದೂರು ಬರುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇದೆ. ಈ ಪತ್ರಿಕೆ ಬದಿಗಿಟ್ಟು ಮೊದಲು ಆ ಲೂಪ್ ತೆಗೆಯಿರಿ.

ಮೈನಸ್ 911 ಅಂದರೆ ಡಿಬಿ2 ಆಗಲೇ ರೋಲ್‌ಬ್ಯಾಕ್ ಮಾಡಿ ಮುಗಿಸಿದೆ. ನೀವು ಒಂದು ಖಾತೆಯಿಂದ ಸಾವಿರ ರೂಪಾಯಿ ಕಳೆದಿರಿ, ಇನ್ನೊಂದಕ್ಕೆ ಸೇರಿಸಲು ಹೋದಾಗ 911 ಬಂತು. ಆ ಕ್ಷಣಕ್ಕೆ ಮೊದಲು ಕಳೆದದ್ದೂ ವಾಪಸ್ ಆಗಿದೆ. ನಿಮ್ಮ ಲೂಪ್ ಸೇರಿಸುವುದನ್ನು ಮಾತ್ರ ಮತ್ತೆ ಮಾಡುತ್ತದೆ, ಈ ಸಲ ಯಶಸ್ವಿ, ಕಮಿಟ್. ಒಬ್ಬರಿಗೆ ಸಾವಿರ ಬಂತು, ಯಾರಿಂದಲೂ ಹೋಗಲಿಲ್ಲ. ಲೆಕ್ಕ ಹೇಗೆ ತಾಳೆಯಾಗಬೇಕು? 911 ಬಂದರೆ ಇಡೀ ಕೆಲಸವನ್ನು ಮೊದಲ ಸ್ಟೇಟ್‌ಮೆಂಟಿನಿಂದ ಶುರು ಮಾಡಬೇಕು. ಮೈನಸ್ 913 ಬೇರೆ. ಅದರಲ್ಲಿ ಆ ಒಂದು ಸ್ಟೇಟ್‌ಮೆಂಟ್ ಮಾತ್ರ ಆಗಿಲ್ಲ, ಹಿಂದಿನ ಅಪ್‌ಡೇಟ್‌ಗಳು ಹಾಗೇ ಇವೆ, ರೋಲ್‌ಬ್ಯಾಕ್ ಮಾಡುವ ನಿರ್ಧಾರ ನಿಮ್ಮದು. ಎರಡಕ್ಕೂ ಒಂದೇ ಪ್ಯಾರಾಗ್ರಾಫ್ ಬರೆದು ಬಿಟ್ಟ ಕೋಬಾಲ್ ಪ್ರೋಗ್ರಾಂಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಡೆಡ್‌ಲಾಕ್ ಯಾಕೆ ಬಂತು ಅನ್ನೋದು ಇನ್ನು ಸುಲಭ. ದುರ್ಗದ ಬೈಲಿನಲ್ಲಿ ಮಿರ್ಚಿ ಭಜಿ ಮಾಡುವ ಇಬ್ಬರನ್ನು ನೆನೆಸಿಕೊಳ್ಳಿ. ಬಾಣಲಿ ಒಂದೇ, ಝಾರಿ ಒಂದೇ. ಒಬ್ಬ ಬಾಣಲಿ ಹಿಡಿದು ಝಾರಿ ಕೊಡು ಅಂತಾನೆ, ಇನ್ನೊಬ್ಬ ಝಾರಿ ಹಿಡಿದು ಬಾಣಲಿ ಬಿಡು ಅಂತಾನೆ. ಸಂಜೆತನಕ ಭಜಿ ಇಲ್ಲ. ಇಬ್ಬರೂ ಮೊದಲು ಬಾಣಲಿ, ಆಮೇಲೆ ಝಾರಿ ಅಂತ ಒಪ್ಪಿಕೊಂಡರೆ ಜಗಳವೇ ಇಲ್ಲ, ಒಬ್ಬ ಸ್ವಲ್ಪ ಕಾಯುತ್ತಾನೆ ಅಷ್ಟೇ. ನಿಮ್ಮ ವರ್ಗಾವಣೆಯಲ್ಲಿ 'ಕೊಡುವ ಖಾತೆ ಮೊದಲು, ಪಡೆಯುವ ಖಾತೆ ಆಮೇಲೆ' ಅಂತ ಬರೆದಿರುತ್ತೀರಿ. ಅ ಇಂದ ಬ ಗೆ, ಬ ಇಂದ ಅ ಗೆ ಒಂದೇ ಹೊತ್ತಿಗೆ ವರ್ಗಾವಣೆ ಬಂದರೆ ಸಿಕ್ಕಿಬಿದ್ದಿರಿ. ಕೊಡುವವರು ಯಾರೇ ಇರಲಿ, ಚಿಕ್ಕ ನಂಬರಿನ ಖಾತೆಯನ್ನು ಮೊದಲು ಮುಟ್ಟಿ.

ಇನ್ನೊಂದು ಮೂಲ: ಓದಿ, ನೋಡಿ, ಆಮೇಲೆ ಅಪ್‌ಡೇಟ್ ಮಾಡುವ ಕರ್ಸರಿಗೆ ಫಾರ್ ಅಪ್‌ಡೇಟ್ ಹಾಕಿರೋದಿಲ್ಲ. ಆಗ ಇಬ್ಬರೂ ಒಂದೇ ಪೇಜಿಗೆ ಎಸ್ ಲಾಕ್ (ಓದುವ ಲಾಕ್) ಹಿಡಿದು ಓದಬಹುದು, ಬರೆಯುವ ಹೊತ್ತಿಗೆ ಇಬ್ಬರಿಗೂ ಎಕ್ಸ್ (ಒಬ್ಬರಿಗೇ ಸಿಗುವ ಬರೆಯುವ ಲಾಕ್) ಬೇಕು, ಇಬ್ಬರೂ ಬಿಡೋದಿಲ್ಲ. ಫಾರ್ ಅಪ್‌ಡೇಟ್ ಅಂದರೆ ಓದುವಾಗಲೇ ಯು ಲಾಕ್ ಸಿಗುತ್ತದೆ. ಒಂದು ಪೇಜಿಗೆ ಯು ಒಬ್ಬರಿಗೇ. ಬರೀ ಓದುವವರು ಎಸ್ ಹಿಡಿದು ಪಕ್ಕದಲ್ಲಿ ಇರಬಹುದು.

ಸಾಲು ಮಟ್ಟದ ಲಾಕ್ ಹಾಕಿದರೆ ಸರಿಹೋಗುತ್ತಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಗೊತ್ತು. ಆ ಸೌಲಭ್ಯ 1995ರಲ್ಲಿ, ಡಿಬಿ2 ನಾಲ್ಕನೇ ವರ್ಷನ್ನಿನಲ್ಲಿ ಬಂತು. ಅಕ್ಕಪಕ್ಕದ ಸಾಲಿನವರ ಜಗಳ ಕಡಿಮೆಯಾಗುತ್ತದೆ, ನಿಜ. ಆದರೆ ಲಾಕ್‌ಗಳ ಸಂಖ್ಯೆ ಏರುತ್ತದೆ, ಎಸ್ಕಲೇಷನ್ ಹತ್ತಿರ ಬರುತ್ತದೆ. ಕ್ರಮ ತಪ್ಪಿದ್ದರೆ ಎರಡು ಸಾಲುಗಳ ನಡುವೆಯೂ ಡೆಡ್‌ಲಾಕ್ ಆಗುತ್ತದೆ.

ಪ್ರಶ್ನೆ: ಮೂರು ವರ್ಷದಿಂದ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ವರದಿ ಈಗ ಮುಕ್ಕಾಲು ತಾಸು ತೆಗೆದುಕೊಳ್ಳುತ್ತಿದೆ. ಕ್ವೆರಿಯ ಒಂದು ಅಕ್ಷರವನ್ನೂ ನಾವು ಮುಟ್ಟಿಲ್ಲ. ತಾರೀಖಿನ ಕಾಲಂಗೆ ಇಂಡೆಕ್ಸ್ ಇದೆ. ಷರತ್ತು: ತಾರೀಖಿನ ವರ್ಷ ಇಂತಿಷ್ಟಕ್ಕೆ ಸಮ. ಡಿಬಿ2 ಹತ್ತನೇ ವರ್ಷನ್ನಿನ ಕಾಲದ ಪ್ರೋಗ್ರಾಂ.
– ಗದಗಿನ ಓದುಗರು, ಹೆಸರು ಬೇಡ ಅಂದಿದ್ದಾರೆ

ಉತ್ತರ: ತಂಗಿ, ಕ್ವೆರಿ ಮುಟ್ಟಿಲ್ಲ, ಸರಿ. ಟೇಬಲ್ ಬೆಳೆದಿದೆ ಅಲ್ವಾ?

ಮತದಾರರ ಪಟ್ಟಿ ನೋಡಿದ್ದೀರಿ. ಮೊದಲು ಭಾಗದ ನಂಬರು, ಅದರೊಳಗೆ ಕ್ರಮಸಂಖ್ಯೆ. ಭಾಗ ಗೊತ್ತಿದ್ದರೆ ನೇರ ಆ ಪುಸ್ತಿಕೆ ತೆಗೆಯಬಹುದು. ಹೆಸರಿನ ಎರಡನೇ ಅಕ್ಷರ 'ರು' ಇರುವವರನ್ನೆಲ್ಲ ಹುಡುಕು ಅಂದರೆ ಇಡೀ ಗದಗಿನ ಪಟ್ಟಿ ಓದಬೇಕು. ಕಾಲಂ ಮೇಲೆ ಫಂಕ್ಷನ್ ಹಾಕಿದರೆ ಡಿಬಿ2ಗೆ ಆಗೋದು ಇದೇ. ಪ್ರತಿ ಸಾಲಿನ ತಾರೀಖು ತೆಗೆದು, ವರ್ಷ ಬಿಡಿಸಿ, ಹೋಲಿಸಬೇಕು. ಇಂಡೆಕ್ಸ್ ಇದ್ದೂ ಅದರೊಳಗೆ ನೇರ ಇಳಿಯಲು ಬರೋದಿಲ್ಲ. ನಮ್ಮ ಭಾಷೆಯಲ್ಲಿ ಇದು ಸ್ಟೇಜ್ 2 ಷರತ್ತು.

ಷರತ್ತನ್ನು ತಿರುಗಿಸಿ ಬರೆಯಿರಿ: ತಾರೀಖು ಜನವರಿ 1ಕ್ಕೆ ಸಮ ಅಥವಾ ಜಾಸ್ತಿ, ಮತ್ತು ಮುಂದಿನ ವರ್ಷದ ಜನವರಿ 1ಕ್ಕಿಂತ ಕಡಿಮೆ. ಡಿಸೆಂಬರ್ 31ರ ತನಕ ಅಂತ ಬಿಟ್ವೀನ್ ಹಾಕುವ ಅಭ್ಯಾಸ ಬಿಡಿ. ಮುಂದೊಂದು ದಿನ ಯಾರಾದರೂ ಆ ಕಾಲಂ ಅನ್ನು ಟೈಮ್‌ಸ್ಟ್ಯಾಂಪ್ ಮಾಡಿದರೆ ಡಿಸೆಂಬರ್ 31ರ ಇಡೀ ದಿನದ ವ್ಯವಹಾರ ವರದಿಯಿಂದ ಮಾಯ. ಹನ್ನೊಂದನೇ ವರ್ಷನ್ನಿನಿಂದ ವರ್ಷ ಬಿಡಿಸುವ ಫಂಕ್ಷನ್, ಮೊದಲ ಅಕ್ಷರದಿಂದ ಶುರುವಾಗುವ ಸಬ್‌ಸ್ಟ್ರಿಂಗ್ ಇಂಥ ಕೆಲವನ್ನು ಡಿಬಿ2 ತಾನೇ ತಿದ್ದಿ ಇಂಡೆಕ್ಸ್ ಬಳಸುವಷ್ಟು ಜಾಣ ಆಗಿದೆ. ಆದರೂ ಹಳೇ ಪ್ಯಾಕೇಜನ್ನು ರೀಬೈಂಡ್ ಮಾಡದಿದ್ದರೆ ಆ ಜಾಣತನ ನಿಮ್ಮ ಪ್ರೋಗ್ರಾಮಿಗೆ ಸಿಗೋದಿಲ್ಲ.

ಇಲ್ಲೇ ಹೆಚ್ಚಿನವರು ಎಡವೋದು. ಕೋಬಾಲಿನೊಳಗಿನ ಸ್ಟ್ಯಾಟಿಕ್ ಎಸ್‌ಕ್ಯೂಎಲ್ (ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿಟ್ಟ ಕ್ವೆರಿ) ಯಾವ ದಾರಿ ಹಿಡಿಯಬೇಕು ಅನ್ನೋದು ಬೈಂಡ್ ಮಾಡಿದ ದಿನವೇ ನಿರ್ಧಾರ ಆಗಿರುತ್ತದೆ. ಆ ದಿನ ಟೇಬಲ್ಲಿನಲ್ಲಿ ಹತ್ತು ಸಾವಿರ ಸಾಲಿದ್ದರೆ, ಇಂಡೆಕ್ಸ್ ಯಾಕೆ, ಎಲ್ಲಾ ಓದಿಬಿಡೋಣ ಅಂತ ತೀರ್ಮಾನಿಸಿರುತ್ತದೆ. ಈಗ ಕೋಟಿ ಸಾಲಿದ್ದರೂ ಅದೇ ದಾರಿ. ರನ್‌ಸ್ಟ್ಯಾಟ್ಸ್ ಓಡಿಸಿದಿವಿ, ಏನೂ ಆಗಲಿಲ್ಲ ಅನ್ನುತ್ತಾರೆ. ರನ್‌ಸ್ಟ್ಯಾಟ್ಸ್ ಬರೀ ಜನಗಣತಿ. ಎಣಿಸಿ ಬರೆದಿಡುತ್ತದೆ. ಆ ಲೆಕ್ಕ ನೋಡಿ ದಾರಿ ಬದಲಿಸಲು ರೀಬೈಂಡ್ ಆಗಬೇಕು. ಹೆದರಿಕೆ ಇದ್ದರೆ ಪ್ಲಾನ್‌ಮ್ಯಾನೇಜ್‌ಮೆಂಟ್ ಆನ್ ಇದೆಯಾ ಅಂತ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಅವರನ್ನು ಕೇಳಿಕೊಳ್ಳಿ. ಇದ್ದರೆ ಹೊಸ ದಾರಿ ಕೆಟ್ಟದಾದಾಗ ಸ್ವಿಚ್ ಪ್ರೀವಿಯಸ್ ಕೊಟ್ಟು ಹಳೇ ದಾರಿಗೆ ಮರಳಬಹುದು.

ಊಹೆ ಬಿಟ್ಟು, ಡಿಬಿ2 ಹಿಡಿದ ದಾರಿ ತೋರಿಸುವ ಎಕ್ಸ್‌ಪ್ಲೇನ್ ಮಾಡಿ ಪ್ಲಾನ್ ಟೇಬಲ್ ತೆರೆದು ನೋಡಿ. ಆಕ್ಸೆಸ್ ಟೈಪ್ 'ಆರ್' ಅಂತಿದ್ದರೆ ಇಡೀ ಟೇಬಲ್ ಓದುತ್ತಿದೆ. 'ಐ' ಅಂತಿದ್ದರೆ ಇಂಡೆಕ್ಸ್, ಆದರೆ ಅಲ್ಲೇ ಖುಷಿಪಡಬೇಡಿ, ಪಕ್ಕದ ಮ್ಯಾಚ್‌ಕಾಲ್ಸ್ (ಇಂಡೆಕ್ಸಿನ ಎಷ್ಟು ಕಾಲಂ ಷರತ್ತಿಗೆ ಹೊಂದಿದವು) ನೋಡಿ. ಸೊನ್ನೆ ಇದ್ದರೆ ಇಂಡೆಕ್ಸನ್ನೇ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಿದೆ ಅಂತ ಅರ್ಥ. ಶಾಖೆ, ಖಾತೆ, ತಾರೀಖು ಈ ಕ್ರಮದ ಇಂಡೆಕ್ಸ್ ಇಟ್ಟುಕೊಂಡು ಬರೀ ತಾರೀಖು ಕೇಳಿದರೆ ಹಾಗಾಗುತ್ತದೆ.

ಲಾಕ್ ಅಂಕಣದಲ್ಲಿ ನಿಧಾನದ ಕ್ವೆರಿ ಯಾಕೆ ಬಂತು ಅನ್ನಬೇಡಿ. ಲಾಕ್ ಜಗಳ ಅಂತ ನನ್ನ ಹತ್ತಿರ ಬಂದವುಗಳಲ್ಲಿ ಎಷ್ಟೋ ಸಲ ಬುಡದಲ್ಲಿ ಇದ್ದದ್ದು ಇಂಥ ಒಂದು ಕ್ವೆರಿ. ಹತ್ತು ಪೇಜ್ ಓದಬೇಕಾದವನು ಹತ್ತು ಸಾವಿರ ಓದುತ್ತಾನೆ. ಕೆಲಸ ನಿಧಾನ, ಕಮಿಟ್ ತಡ, ಹಿಡಿದದ್ದು ಹಿಡಿದೇ ಇರುತ್ತದೆ.

ಚುಟುಕು ಉತ್ತರಗಳು

ಮೈನಸ್ 805 (ಲಕ್ಷ್ಮೇಶ್ವರ): ಪ್ಯಾಕೇಜ್ ಸಿಗಲಿಲ್ಲ ಅಂತ. ಕಂಪೈಲ್ ಮಾಡಿದಿರಿ, ಬೈಂಡ್ ಮರೆತಿರಿ. ಇಲ್ಲವೇ ಬೇರೆ ಕಲೆಕ್ಷನ್ನಿಗೆ ಬೈಂಡ್ ಮಾಡಿದಿರಿ. ಇಲ್ಲವೇ ಹಳೇ ಲೋಡ್ ಮಾಡ್ಯೂಲ್ ಲೈಬ್ರರಿಯಲ್ಲಿ ಮೊದಲು ಸಿಗುತ್ತಿದೆ, ಸ್ಟೆಪ್‌ಲಿಬ್ (ಜಾಬ್ ಹುಡುಕುವ ಲೈಬ್ರರಿಗಳ ಪಟ್ಟಿ) ಕ್ರಮ ನೋಡಿ.

ನಾಟ್ ಇನ್ ಹಾಕಿದರೆ ಒಂದು ಸಾಲೂ ಬರುತ್ತಿಲ್ಲ (ಹಾನಗಲ್): ಒಳಗಿನ ಸೆಲೆಕ್ಟಿನಲ್ಲಿ ಒಂದು ನಲ್ (ಬೆಲೆ ಗೊತ್ತಿಲ್ಲದ ಖಾಲಿ ಜಾಗ) ಕೂತಿದೆ. ಗೊತ್ತಿಲ್ಲದ್ದಕ್ಕೆ ಸಮ ಅಲ್ಲ ಅಂತ ಡಿಬಿ2 ಹೇಗೆ ಹೇಳೀತು? ನಾಟ್ ಎಕ್ಸಿಸ್ಟ್ಸ್ ಬಳಸಿ.

ಮಗಳು ಬಿಸಿಎ ಮುಗಿಸಿದ್ದಾಳೆ, ಮೇನ್‌ಫ್ರೇಮ್ ಮುದುಕರ ಕೆಲಸ ಅಂತಾರೆ, ಹೌದಾ (ಬ್ಯಾಡಗಿಯ ತಂದೆ): ಡಿಬಿ2 ಹೊರಬಂದದ್ದು 1983ರಲ್ಲಿ, ಹಾಗಾಗಿ ನನಗಿಂತ ಚಿಕ್ಕದೇ. ಅದರ ಬುನಾದಿಯಾದ ಎಡ್ಗರ್ ಕಾಡ್ ಅವರ ಪ್ರಬಂಧ 1970ರದ್ದು, ಇವತ್ತಿನ ಎಷ್ಟೋ ಹೊಸ ಡೇಟಾಬೇಸುಗಳೂ ಅದರ ಮೇಲೇ ನಿಂತಿವೆ. ಮುದುಕರು ನಿವೃತ್ತರಾಗುತ್ತಿದ್ದಾರೆ, ಅದೇ ಮಗಳಿಗೆ ಅವಕಾಶ. ಆದರೆ ನಮ್ಮ ಊರುಗಳಲ್ಲೇ ಕೆಲಸ ಸಿಗುತ್ತದೆ ಅಂತ ಹೇಳಿ ಫೀ ಕಟ್ಟಿಸಿಕೊಳ್ಳುವವರನ್ನು ನಂಬಬೇಡಿ. ಮೊದಲ ಕೆಲಸಕ್ಕೆ ಊರು ಬಿಡಬೇಕಾದೀತು.

ಪ್ರಶ್ನೆ: ಎಲ್ಲಾ ಸೆಲೆಕ್ಟಿಗೂ ವಿತ್ ಯುಆರ್ ಹಾಕಿಬಿಡಿ, ಲಾಕ್ ತಲೆನೋವೇ ಇಲ್ಲ ಅಂತ ನಮ್ಮ ಸೀನಿಯರ್ ಹೇಳುತ್ತಾರೆ. ಹಾಕಬಹುದಾ?
– ಸಪ್ತಾಪುರ, ಧಾರವಾಡ

ಉತ್ತರ: ಸೀನಿಯರ್‌ಗೆ ನನ್ನ ನಮಸ್ಕಾರ ತಿಳಿಸಿ. ಯುಆರ್ ಅಂದರೆ ಇನ್ನೂ ಕಮಿಟ್ ಆಗದ್ದನ್ನೂ ಓದು ಅಂತ. ಲೈನ್ ಬಜಾರಿನಲ್ಲಿ ಪೇಢೆ ತೂಗುವಾಗ ಕೈ ಇನ್ನೂ ತಕ್ಕಡಿ ಮೇಲಿದೆ, ನೀವು ಆಗಲೇ ತೂಕ ಬರೆದುಕೊಂಡಿರಿ. ನಿನ್ನೆ ಸುಮಾರು ಎಷ್ಟು ವ್ಯವಹಾರ ಆಯಿತು ಅನ್ನುವ ವರದಿಗೆ ನಡೆಯುತ್ತದೆ. ಓದಿದ ಬಾಕಿಯ ಆಧಾರದ ಮೇಲೆ ಹಣ ಕೊಡುವ ಪ್ರೋಗ್ರಾಮಿಗೆ ಖಂಡಿತ ಬೇಡ. ನೀವು ಓದಿದ ಬಾಕಿ ಮರುಕ್ಷಣ ರೋಲ್‌ಬ್ಯಾಕ್ ಆಗಿರಬಹುದು.

ಬೈಂಡ್ ಮಾಡುವಾಗ ಸಿಎಸ್ ಐಸೊಲೇಷನ್ (ಕಮಿಟ್ ಆದದ್ದನ್ನು ಮಾತ್ರ ಓದುವ ಮಟ್ಟ), ಜೊತೆಗೆ ಕರೆಂಟ್‌ಡೇಟಾ ನೋ. ಬಹಳ ಪ್ರೋಗ್ರಾಂಗಳಿಗೆ ಇಷ್ಟೇ ಸಾಕು. ಪೇಜಿನಲ್ಲಿರೋದು ಕಮಿಟ್ ಆದದ್ದೇ ಅಂತ ಖಾತ್ರಿಯಾದರೆ ಡಿಬಿ2 ಲಾಕ್ ಹಾಕದೆಯೇ ಓದಿ ಮುಂದೆ ಹೋಗುತ್ತದೆ. ಯುಆರ್ ಕೊಡುವ ಲಾಭದ ದೊಡ್ಡ ಪಾಲು ಹೀಗೇ ಸಿಗುತ್ತದೆ, ಸುಳ್ಳು ಅಂಕಿಯ ಭಯ ಇಲ್ಲದೆ. ನೋಡಬೇಕಾದದ್ದು ಇನ್ನೊಂದು: ಯಾರೋ ಹಿಂದೆ ಆರ್‌ಆರ್ ಅಂತ ಬೈಂಡ್ ಮಾಡಿಟ್ಟ ಹಳೇ ಪ್ಯಾಕೇಜುಗಳು. ಅವು ಓದಿದ್ದನ್ನೆಲ್ಲ ಕಮಿಟ್ ತನಕ ಹಿಡಿದಿಡುತ್ತವೆ. ಕ್ಯಾಟಲಾಗಿನಲ್ಲಿ ಒಂದು ಸೆಲೆಕ್ಟ್ ಹಾಕಿದರೆ ಪಟ್ಟಿಯೇ ಸಿಗುತ್ತದೆ.

ಪ್ರಶ್ನೆ: ರಾತ್ರಿ ಯಾವ ಜಾಬೂ ಇಲ್ಲ, ಆನ್‌ಲೈನಿನಲ್ಲೂ ಗದ್ದಲ ಇಲ್ಲ. ಆದರೂ ಹಗಲು ಒಮ್ಮೊಮ್ಮೆ ಒಂದೇ ಟೇಬಲ್ಲಿನಲ್ಲಿ ಟೈಮ್‌ಔಟ್ ಬರುತ್ತದೆ, ತಾಸೆರಡು ತಾಸಿಗೆ ತಾನೇ ಸರಿಹೋಗುತ್ತದೆ. ದೆವ್ವ ಅಂತ ತಮಾಷೆ ಮಾಡುತ್ತಾರೆ.
– ಹಾವೇರಿ

ಉತ್ತರ: ಆ ದೆವ್ವ ನಾನೇ ಆಗಿದ್ದೆ ಒಮ್ಮೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಯಾವ ಕಂಪನಿ ಅಂತ ಕೇಳಬೇಡಿ. ಡಿಬಿ2ಗೆ ನೇರ ಕ್ವೆರಿ ಕೊಡುವ ಸ್ಪುಫಿಯಲ್ಲಿ ಒಂದು ಅಪ್‌ಡೇಟ್ ಓಡಿಸಬೇಕಿತ್ತು. ಜಾಗರೂಕತೆಗೆ ಆಟೊಕಮಿಟ್ ನೋ ಇಟ್ಟುಕೊಂಡೆ, ಎಷ್ಟು ಸಾಲು ಬದಲಾಯಿತು ಅಂತ ನೋಡಿ ಆಮೇಲೆ ಕಮಿಟ್ ಮಾಡೋಣ ಅಂತ. ಓಡಿತು. ಕಮಿಟ್, ರೋಲ್‌ಬ್ಯಾಕ್, ಡಿಫರ್ (ಆಮೇಲೆ ನೋಡೋಣ) ಅಂತ ಕೇಳಿತು. ಆಗಲೇ ಗೆಳತಿ ಊಟಕ್ಕೆ ಕರೆದಳು. ಅವತ್ತು ಅವಳ ಮನೆಯಿಂದ ಜೋಳದ ರೊಟ್ಟಿ, ಎಣಗಾಯಿ ಬಂದಿತ್ತು. ಮುಂಬೈಯಲ್ಲಿ ಎಣಗಾಯಿ ಅಂದರೆ ಸುಮ್ನೆ ಅಲ್ಲ. ಡಿಫರ್ ಅಂತ ಒತ್ತಿ ಹೋದೆ.

ವಾಪಸ್ ಬಂದಾಗ ನಮ್ಮ ಫ್ಲೋರಿನಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಆ ಟೇಬಲ್ ಮುಟ್ಟಿದವರೆಲ್ಲ ಟೈಮ್‌ಔಟ್. ನಾನೂ ಗಾಬರಿಯಿಂದ ಕಾರಣ ಹುಡುಕುವವರ ಜೊತೆ ಸೇರಿಕೊಂಡೆ! ಕೊನೆಗೆ ಎಲ್ಲ ತಾನೇ ಸರಿಹೋಯಿತು. ಯಾಕೆ ಅಂತ ನನ್ನ ಸ್ಕ್ರೀನ್ ನೋಡಿದ ಮೇಲೆ ಗೊತ್ತಾಯಿತು. ಸುಮ್ಮನೆ ಕೂತ ನನ್ನ ಟಿಎಸ್‌ಓ (ಮೇನ್‌ಫ್ರೇಮ್ ಲಾಗಿನ್) ಸೆಷನ್ನಿಗೆ ಕಾಯುವ ಮಿತಿ ಮುಗಿದು 522 ಅಬೆಂಡ್ ಆಗಿ ಸೆಷನ್ ಬಿದ್ದಿತ್ತು, ಅದರ ಜೊತೆ ನನ್ನ ಅಪ್‌ಡೇಟ್ ರೋಲ್‌ಬ್ಯಾಕ್. ಸಂಜೆ ನಮ್ಮ ಹಿರಿಯ ಡಿಬಿಎ ಲಾಗ್ ಪ್ರಿಂಟ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ನನ್ನ ಯೂಸರ್ ಐಡಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಒಂದು ಮಾತೂ ಆಡಲಿಲ್ಲ.

ನಿಮ್ಮದೂ ತಾಸೆರಡು ತಾಸಿಗೆ ಸರಿಹೋಗುತ್ತದೆ ಅಂದರೆ ಊಟಕ್ಕೋ ಮೀಟಿಂಗಿಗೋ ಹೋದ ಯಾರದೋ ಸೆಷನ್. ಮುಂದಿನ ಸಲ ಬಂದಾಗ ಸಮಯ ಕಳೆಯದೆ ಡಿಸ್‌ಪ್ಲೇ ಡೇಟಾಬೇಸ್ ಕಮಾಂಡಿಗೆ ಆ ಟೇಬಲ್ ಇರುವ ಟೇಬಲ್ ಸ್ಪೇಸಿನ ಹೆಸರು ಕೊಟ್ಟು, ಕೊನೆಗೆ ಲಾಕ್ಸ್ ಅಂತ ಸೇರಿಸಿ ಓಡಿಸಿ. ಟೇಬಲ್ ಸ್ಪೇಸಿನ ಮಟ್ಟದಲ್ಲಿ ಯಾರು ಐಎಕ್ಸ್ (ಒಳಗೆಲ್ಲೋ ಬರೆಯುವ ಉದ್ದೇಶದ ಲಾಕ್) ಅಥವಾ ಎಕ್ಸ್ ಹಿಡಿದಿದ್ದಾರೆ ಅಂತ ಐಡಿ ಸಮೇತ ಬರುತ್ತದೆ. ಒಳಗಿನ ಪೇಜ್, ಸಾಲಿನ ಲಾಕ್ ಅದರಲ್ಲಿ ಕಾಣೋದಿಲ್ಲ. ಆದರೆ ಗದ್ದಲವಿಲ್ಲದ ಹೊತ್ತಿನಲ್ಲಿ ಐಎಕ್ಸ್ ಹಿಡಿದವನು ಒಬ್ಬನೇ ಇದ್ದರೆ ಇನ್ನೇನು ಬೇಕು? ಅವನ ಕುರ್ಚಿ ಖಾಲಿ ಇರುತ್ತದೆ, ಹೋಗಿ ನೋಡಿ.

ಪ್ರಶ್ನೆ: ರಸೀದಿ ನಂಬರಿಗೆ ಒಂದು ಕಂಟ್ರೋಲ್ ಟೇಬಲ್, ಅದರಲ್ಲಿ ಒಂದೇ ಸಾಲು. ಪ್ರತಿ ಟ್ರಾನ್ಸಾಕ್ಷನ್ ಮೊದಲು ಅದಕ್ಕೆ ಒಂದು ಕೂಡಿಸಿ ನಂಬರ್ ತಗೊಂಡು ಆಮೇಲೆ ಉಳಿದ ಕೆಲಸ ಮಾಡುತ್ತದೆ. ಗಿರಾಕಿಗಳು ಜಾಸ್ತಿಯಾದ ಮೇಲೆ ಎಲ್ಲರೂ ಆ ಒಂದು ಸಾಲಿಗೆ ಕ್ಯೂ ನಿಲ್ಲುತ್ತಿದ್ದಾರೆ.
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಡಿಬಿ2 ಎಂಟನೇ ವರ್ಷನ್ನಿನಿಂದ ಸೀಕ್ವೆನ್ಸ್ ಇದೆ. ಒಂದು ಸೀಕ್ವೆನ್ಸ್ ಮಾಡಿ, ನೆಕ್ಸ್ಟ್ ವ್ಯಾಲ್ಯೂ ಕೇಳಿ. ನಂಬರ್ ಕೊಟ್ಟು ಮರೆತುಬಿಡುತ್ತದೆ, ನಿಮ್ಮ ಕಮಿಟ್ಟಿಗೆ ಕಾಯೋದಿಲ್ಲ. ಹಾಗಾಗಿ ಕ್ಯೂ ಇಲ್ಲ. ಆದರೆ ರೋಲ್‌ಬ್ಯಾಕ್ ಆದರೆ ಆ ನಂಬರ್ ವಾಪಸ್ ಬರೋದಿಲ್ಲ. ನಂಬರುಗಳನ್ನು ಮೊದಲೇ ತೆಗೆದಿಡುವ ಕ್ಯಾಶ್ ಇಟ್ಟಿದ್ದರೆ ಡಿಬಿ2 ದಿಢೀರ್ ನಿಂತಾಗ ಹಲವು ನಂಬರುಗಳು ಹಾರಿಹೋಗಬಹುದು. 1041 ಆದ ಮೇಲೆ 1043.

ಅದಕ್ಕೆ ಆಡಿಟರ್ ಒಪ್ಪಬೇಕು. ಕೇಳಿ ನೋಡಿ. ಕೆಲವರು ಕಾರಣ ಬರೆದಿಟ್ಟರೆ ಸಾಕು ಅನ್ನುತ್ತಾರೆ. ಒಂದು ನಂಬರೂ ಬಿಡಬಾರದು ಅಂತ ಹಟ ಹಿಡಿದರೆ ಕಂಟ್ರೋಲ್ ಟೇಬಲ್ಲೇ ಗತಿ, ಆದರೆ ಕೆಲಸದ ಕ್ರಮ ತಿರುಗಿಸಿ. ಈಗ ನೀವು ಮೊದಲು ನಂಬರ್ ತಗೊಂಡು, ಖಾತೆ ಓದಿ, ಲೆಕ್ಕ ಹಾಕಿ, ನಾಲ್ಕು ಟೇಬಲ್ ಬರೆದು, ಕೊನೆಗೆ ಕಮಿಟ್ ಮಾಡುತ್ತೀರಿ. ಅಷ್ಟೂ ಹೊತ್ತು ಆ ಸಾಲು ನಿಮ್ಮ ಕೈಯಲ್ಲಿ. ಲೆಕ್ಕ, ಓದು ಎಲ್ಲಾ ಮುಗಿಸಿ, ನಂಬರನ್ನು ಕೊನೆಗೆ ತಗೊಂಡು, ರಸೀದಿ ಸಾಲು ಬರೆದು, ತಕ್ಷಣ ಕಮಿಟ್. ಈ ಬದಲಾವಣೆಯನ್ನು ರಸೀದಿ ನಂಬರ್ ತೆಗೆಯುವ ಎಲ್ಲಾ ಪ್ರೋಗ್ರಾಂಗಳಲ್ಲೂ ಒಟ್ಟಿಗೆ ಮಾಡಿ. ಒಂದು ಹಳೇದು ಉಳಿದುಕೊಂಡರೆ ಅದು ನಂಬರ್ ಹಿಡಿದು ಖಾತೆಗೆ ಕಾಯುತ್ತದೆ, ಹೊಸದು ಖಾತೆ ಹಿಡಿದು ನಂಬರಿಗೆ ಕಾಯುತ್ತದೆ, ಆಗ ಮೇಲಿನ ಭಜಿ ಅಂಗಡಿಯ ಉತ್ತರವನ್ನು ನೀವೂ ಓದಬೇಕಾಗುತ್ತದೆ.